ಹಿತ್ತಲಿನ ಗಾಲ್ಫೂ ಹಲಸಿನ ಹಪ್ಪಳವೂ

ಮೊದಲೇ ಹೇಳಿಬಿಡ್ತೇನೆ, ಇದರಲ್ಲಿರುವ ಒಂದೊಂದು ಮಾತೂ ನಿಜ. ನಮ್ಮ ಬಂಟ್ವಾಳದಿಂದ ಧರ್ಮಸ್ಥಳ ಏನೂ ದೂರವಿಲ್ಲ; ಅಷ್ಟು ಹತ್ತಿರ ಕೂತು ಆಣೆ ಹಾಕಿ ಸುಳ್ಳು ಹೇಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಬೇರೆಲ್ಲ ಧೈರ್ಯ ಉಂಟು. ಅದಕ್ಕೇ ಇಂಥದ್ದೆಲ್ಲ ಹುಡುಕಿಕೊಂಡು ನನ್ನ ಮನೆಗೇ ಬರುತ್ತದೆ.

ಪಾಣೆಮಂಗಳೂರಿನ ಪಂಪ್‌ಸೆಟ್ ಅಂಗಡಿಯನ್ನು ಮಗಳ ಕೈಗೆ ಕೊಟ್ಟ ಮೇಲೆ ನಾನು ಹಿತ್ತಲಲ್ಲಿ ಗಾಲ್ಫ್ ಹುಲ್ಲು ಹಾಕಿಸಲು ಹೊರಟೆ. ಊರುದ್ದದ ಗಾಲ್ಫ್ ಅಲ್ಲ. ಪ್ಲಾಸ್ಟಿಕ್ ಹುಲ್ಲಿನ ಒಂದು ಹಾಸು, ಅದರಲ್ಲೊಂದು ಗುಳಿ, ಗುಳಿಯಲ್ಲೊಂದು ಬಾವುಟ. ಕೋಲಿನಿಂದ ಚೆಂಡನ್ನು ಮೆಲ್ಲ ತಳ್ಳಿ ಗುಳಿಗೆ ಬೀಳಿಸುವುದು, ಅಷ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಹುಡುಕಿದರೂ ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದೆ. ಯಾಕೆ ಸಿಗುವುದಿಲ್ಲ ಎಂದು ಯೋಚಿಸಿದ್ದೀರಾ ಎಂದು ಹೆಂಡತಿ ಕೇಳಿದಳು.

ಆ ಹಿತ್ತಲು ಅವಳು ಹಲಸಿನ ಹಪ್ಪಳ ಒಣಗಿಸುವ ಜಾಗ. ಜಗಳ ಆಯಿತು, ರಾಜಿಯೂ ಆಯಿತು. ಅವಳದ್ದು ಒಂದೇ ಷರತ್ತು: "ಹಲಸು ಮುಗಿಯುವುದರೊಳಗೆ ನನ್ನ ತಮ್ಮನ ಎದುರು ಒಂದು ಚೆಂಡಾದರೂ ಗುಳಿಗೆ ಬೀಳಬೇಕು. ಬೀಳದಿದ್ದರೆ ಹುಲ್ಲು ಸುತ್ತಿ ಅಟ್ಟಕ್ಕೆ."

ನಿಲ್ಲದ ಚೆಂಡು

ನೆಲ ತಯಾರು ಮಾಡಲು ಕಕ್ಕಿಂಜೆಯಿಂದ ಮೇಸ್ತ್ರಿಯನ್ನು ಕರೆಸಿದೆ. ಚಾರ್ಮಾಡಿ ಘಾಟಿಯ ಬುಡದವ, ಮಳೆಯ ಜೊತೆ ಜಗಳವಾಡಿಯೇ ಕೂದಲು ನೆರೆತವ. ಜಲ್ಲಿಪುಡಿ ಹಾಕಿ ಕೇರಂ ಬೋರ್ಡಿನ ಹಾಗೆ ಮಟ್ಟ ಮಾಡಬೇಕು ಎಂದೆ. ಆಯ್ತು ಎಂದ. ಮತ್ತೊಮ್ಮೆ ಹೇಳಿದೆ, ಮತ್ತೊಮ್ಮೆ ಆಯ್ತು ಎಂದ.

ಹುಲ್ಲು ಹಾಸಿ ಆದ ಮೇಲೆ ನಟ್ಟನಡುವೆ ಚೆಂಡು ಇಟ್ಟೆ. ನಾನು ಕೋಲು ಎತ್ತುವ ಮೊದಲೇ ಅದು ತಾನಾಗಿ ಹೊರಟು, ಬಾವಿಕಟ್ಟೆಯ ಹತ್ತಿರ ಒಂದು ತಿರುವು ತೆಗೆದುಕೊಂಡು, ನೆಟ್ಟಗೆ ಹೋಗಿ ಚರಂಡಿಗೆ ಬಿತ್ತು. ಇಳಿಜಾರು ಇಲ್ಲದೆ ಅಂಗಳ ಮಾಡಿ ಆ ಮನುಷ್ಯನ ಕೈಗೆ ಅಭ್ಯಾಸವೇ ಇಲ್ಲ. ಬೈಯಲೆಂದು ತಿರುಗಿದರೆ ಅವನ ಮುಖದಲ್ಲಿ ಮದುವೆಯ ಕಳೆ.

"ನೋಡಿದ್ರಾ ಅಣ್ಣ, ಚೆಂಡೇ ನಿಲ್ಲುವುದಿಲ್ಲ. ಇನ್ನು ನೀರು ನಿಂತೀತಾ?"

ದನದ ಸಂಶಯ

ಒಂದು ಮಧ್ಯಾಹ್ನ ಪಕ್ಕದ ಮನೆಯ ದನ ಬೇಲಿ ಸಂದಿನಿಂದ ನುಗ್ಗಿತು. ಬೇಸಗೆ ಬಿಸಿಲಲ್ಲಿ ಊರೆಲ್ಲ ಕಂದು, ನನ್ನ ಹಿತ್ತಲು ಮಾತ್ರ ಹಸಿರು. ಬಾಯಿ ಹಾಕಿತು, ಎಳೆಯಿತು, ಬರಲಿಲ್ಲ. ಇನ್ನೊಂದು ಕಡೆ ಎಳೆಯಿತು. ಕೊನೆಗೆ ತಲೆ ಎತ್ತಿ ನನ್ನನ್ನೇ ನೋಡಿ, ತನ್ನ ಅಭಿಪ್ರಾಯವನ್ನು ಗುಳಿಯ ಪಕ್ಕದಲ್ಲೇ ದೊಡ್ಡದಾಗಿ ಹಾಕಿ ಹೋಯಿತು.

ಸಂಜೆ ದನದ ಯಜಮಾನ್ತಿ ಜಗಳಕ್ಕೆ ಬಂದರು. ಸೆಗಣಿ ತೊಳೆದವ ನಾನು, ದೂರು ಅವರದ್ದು.

"ಈಗ ಅದು ನಿಜವಾದ ಹುಲ್ಲು ಹಾಕಿದರೂ ಮೂಸಿ ಮೂಸಿ ನನ್ನ ಮುಖ ನೋಡ್ತದೆ. ಎಷ್ಟು ವರ್ಷದ ನಂಬಿಕೆ ಹಾಳು ಮಾಡಿದಿರಿ ಮಾರಾಯ್ರೆ."

ನಾನು ಜಗ್ಗಲಿಲ್ಲ. ದನವೇ ಮೋಸ ಹೋಗುವಂಥ ಹುಲ್ಲು ಹಾಕಿಸಿದ್ದೇನೆ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಡುತ್ತಾರೆ ಎಂದೆ.

ಬಾವುಟಕ್ಕೆ ಉದ್ಯೋಗ

ಹಲಸು ಬಲಿಯಿತು. ನನ್ನ ಚೆಂಡು ಇನ್ನೂ ಚರಂಡಿಯ ದಾರಿಯಲ್ಲೇ ಇತ್ತು. ಒಂದು ದಿನ ಪೇಟೆಯಿಂದ ಬಂದು ನೋಡಿದರೆ ಅರ್ಧ ಹಾಸಿನ ಮೇಲೆ ನನ್ನದೇ ಹಳೆಯ ಪಂಚೆ, ಪಂಚೆಯ ಮೇಲೆ ಸಾಲು ಸಾಲು ಹಪ್ಪಳ. ಅಡಿಯಿಂದಲೂ ಗಾಳಿ ಆಡ್ತದೆ, ಒಳ್ಳೆ ಹುಲ್ಲು ತಂದಿದ್ದೀರಿ ಎಂದು ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ಹೊಗಳಿದಳು.

ಅಷ್ಟಾದರೆ ಸಹಿಸುತ್ತಿದ್ದೆ. ನನ್ನ ಗುಳಿಯ ಬಾವುಟಕ್ಕೆ ಹರಿದ ಕಪ್ಪು ಕೊಡೆಯ ಬಟ್ಟೆ ಕಟ್ಟಿದ್ದಳು, ಕಾಗೆ ಬಾರದಿರಲಿ ಎಂದು. ಇದು ಆಟಕ್ಕೆ ಅವಮಾನ ಎಂದೆ.

"ಅಂತೂ ನಿಮ್ಮ ಬಾವುಟಕ್ಕೆ ಒಂದು ಕೆಲಸ ಸಿಕ್ಕಿತಲ್ಲ," ಎಂದಳು.

ಮೂರನೆಯ ಹೊಡೆತ

ಹಲಸಿನ ಕೊನೆಯ ಕಾಯಿ ಇಳಿದ ವಾರ ಅವಳ ತಮ್ಮ, ಅಂದರೆ ನನ್ನ ಬಾವ, ಮೂಡುಬಿದಿರೆಯಿಂದ ಬಂದ. ಟಿ.ವಿ.ಯಲ್ಲೇ ಗಾಲ್ಫ್ ನೋಡಿ ಪಂಡಿತನಾದವ. ಬಸ್ಸಿನಿಂದಲೇ ಬಿಳಿ ಟೋಪಿ ಹಾಕಿಕೊಂಡು ಇಳಿದಿದ್ದ. ಹೊಟ್ಟೆ ಅಡಿ ಮಾಡಿ ಮಲಗಿ ಹುಲ್ಲಿನ ಓರೆ ನೋಡಿದ, ಒಣ ಎಲೆ ಹಾರಿಸಿ ಗಾಳಿ ನೋಡಿದ, ಮೂರು ಹೊಡೆತ ಧಾರಾಳ ಆಯಿತು ಎಂದು ತೀರ್ಪು ಕೊಟ್ಟ.

ಮೊದಲನೆಯದು ಚರಂಡಿಗೆ. ಎರಡನೆಯದು ಹಪ್ಪಳಕ್ಕೆ. ಬಾವ ಕುಕ್ಕರಗಾಲಲ್ಲಿ ಕೂತು, ಹುಲ್ಲು ಸುತ್ತಿಡಲು ಯಾವ ಮೂಲೆಯಿಂದ ಸುಲಭ ಎಂದು ಅದರ ಅಂಚು ಎತ್ತಿ ನೋಡತೊಡಗಿದ. ಅಟ್ಟದ ಏಣಿಯನ್ನೂ ಆಗಲೇ ತಂದಿಟ್ಟಿದ್ದ.

ಮೂರನೆಯದಕ್ಕೆ ನಾನು ಗುಳಿಯ ಕಡೆ ನೋಡಲೇ ಇಲ್ಲ. ಅದಕ್ಕೆ ಬೆನ್ನು ಹಾಕಿ, ಇಳಿಜಾರಿನ ಮೇಲ್ತುದಿಯ ಗೋಡೆಗೆ ಹೊಡೆದೆ. ಬಾವ ನಕ್ಕ. ಚೆಂಡು ಏರಿತು, ಗೋಡೆಯ ಬುಡದಲ್ಲಿ ಸ್ವಲ್ಪ ಯೋಚಿಸಿತು, ಆಮೇಲೆ ಮೇಸ್ತ್ರಿ ಮಳೆನೀರಿಗೆಂದು ಮಾಡಿಟ್ಟ ದಾರಿ ಹಿಡಿದು ಇಳಿದು, ಬಾವಿಕಟ್ಟೆ ಬಳಸಿ, ಬಾವುಟದ ಕೋಲಿಗೆ ಒಮ್ಮೆ ತಾಗಿ, ಟೊಕ್ಕೆಂದು ಗುಳಿಗೆ ಬಿತ್ತು. ಬಾವ ಟೋಪಿ ತೆಗೆದ. ಏಣಿಯನ್ನು ಅವನೇ ಹೊತ್ತುಕೊಂಡು ಹೋಗಿ ಒಳಗಿಟ್ಟ.

ಹುಲ್ಲು ಇವತ್ತಿಗೂ ಹಿತ್ತಲಲ್ಲೇ ಉಂಟು, ಹಪ್ಪಳ ತಾರಸಿಗೆ ಹೋಗಿದೆ. ಸುತ್ತಿ ಇಡುತ್ತೇವೆಂದು ಯಾರೂ ಕನಸು ಕಾಣುವುದು ಬೇಡ.

ಆದರೆ ಆಣೆ ಹಾಕಿದ್ದೇನಲ್ಲ, ಒಂದು ಸಣ್ಣ ವಿಷಯ ಹೇಳಿಬಿಡುವ. ಮೂರನೆಯ ಹೊಡೆತದಲ್ಲಿ "ನಾನು" ಎಂದದ್ದಷ್ಟೇ ನಾನು ಸೇರಿಸಿದ್ದು. ಕೊಡಿ ಇಲ್ಲಿ ಎಂದು ಕೋಲು ಕಿತ್ತುಕೊಂಡು ಹೊಡೆದವಳು ಹೆಂಡತಿ. ದಿನಾ ಆ ಹಾಸು ತೊಳೆದು, ನೀರು ಎಲ್ಲಿ ತಿರುಗುತ್ತದೆಂದು ನೋಡಿದವಳು. ಹಪ್ಪಳವನ್ನು ತಾರಸಿಗೆ ಸಾಗಿಸಿದ್ದೂ ಅವಳೇ, ಆಟಕ್ಕೆ ಅಡ್ಡ ಆಗ್ತದೆಂದು. ಈಗ ಕೆಳಗೆ ಅವಳು ಆಡುತ್ತಾಳೆ. ಬಾವುಟ ಗುಳಿಯಲ್ಲೇ ಇರಬೇಕಲ್ಲ, ಹಾಗಾಗಿ ತಾರಸಿಯಲ್ಲಿ ಕಾಗೆಯನ್ನು ಹೆದರಿಸಲು ನಿಲ್ಲುವವನು ನಾನು.