ಹಿತ್ತಲಿಂದ ಹೊರಟ ಆಂಬುಲೆನ್ಸ್

ನಾನು ಆಂಬುಲೆನ್ಸಿನ ನರ್ಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲ ಕಡೆ ಡ್ಯೂಟಿ ಮಾಡಿದ್ದೇನೆ. ಲಕ್ವ ಹೊಡೆದವರ ಮನೆಗೆ ಹೋದಾಗಲೆಲ್ಲ ಒಂದಲ್ಲ ಒಂದು ತಮಾಷೆ ನಡೆದೇ ನಡೆಯುತ್ತದೆ. ಆದರೆ ನಗುವುದೆಲ್ಲ ಆಮೇಲೆ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ದಾವಣಗೆರೆಯಲ್ಲಿ ಸ್ಕ್ಯಾನ್ ಆಗಿ, ಮೆದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳಬೇಕು. ಅಲ್ಲಿಯವರೆಗೆ ನನಗೆ ಯಾರ ಮುಲಾಜೂ ಇಲ್ಲ.

೧. ಅಂಗಿಯ ಕಲೆ

ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ತಲೆಸುತ್ತು ಅಂತ ಫೋನ್ ಬಂತು. ಹೋದರೆ ಹೆಂಡತಿ ಬೈಯುತ್ತಿದ್ದರು. "ನೋಡ್ರಿ ಸಿಸ್ಟರ್, ಒಗೆದ ಬಿಳಿ ಅಂಗಿ! ಸಣ್ಣ ಮಕ್ಳಂಗೆ ಎಲೆಅಡಿಕೆ ಸುರಿಸ್ಕೊಂಡಾರೆ."

ಕಲೆ ಎಡಗಡೆ ಮಾತ್ರ ಇತ್ತು. ಎರಡೂ ಕೈ ಎತ್ತಿಸಿದೆ, ಎಡಗೈ ಜಾರಿ ಬಿತ್ತು. ತಕ್ಷಣ ಗಾಡಿಗೆ ಹಾಕಿಸಿದೆ. ಆಯಮ್ಮ ಒಳಗೆ ಓಡಿದರು. ಮಾತ್ರೆ ಚೀಟಿ ತರುತ್ತಾರೆ ಅಂದುಕೊಂಡರೆ ತಂದದ್ದು ಇಸ್ತ್ರಿ ಮಾಡಿದ ಇನ್ನೊಂದು ಅಂಗಿ. "ಇಂಥ ಅಂಗಿನಾಗೆ ದಾವಣಗೆರೆಗೆ ಹೋದ್ರೆ ಜನ ಏನಂದಾರು?"

೨. ನಗದ ಅಜ್ಜ

ಜಗಳೂರಿನ ಅಜ್ಜನ ಬಾಯಿ ಸೊಟ್ಟಗಾಗಿದೆಯೇ ನೋಡಬೇಕಿತ್ತು. "ಸ್ವಲ್ಪ ನಗ್ರಿ ಅಜ್ಜಾ" ಅಂದೆ. ದುರುಗುಟ್ಟಿ ನೋಡಿದರು.

ಮಗ ಪಿಸುಗುಟ್ಟಿದ: "ಅವ್ರು ಮದ್ವೆ ಫೋಟೋದಾಗೂ ನಕ್ಕಿಲ್ರಿ."

"ಬೈಯಾಕೆ ಹೇಳ್ರಿ, ಅದು ಚೆನ್ನಾಗಿ ಬರ್ತೈತೆ" ಎಂದರು ಅಜ್ಜಿ.

ಅಜ್ಜ ಬೈದರು, ಆದರೆ ಅರ್ಧ ಮಾತು ತೊದಲಿತು. ಇನ್ನು ಕಾಯಲಿಲ್ಲ, ಹೊರಟೆವು. ಎರಡು ದಿನ ಬಿಟ್ಟು ವಾರ್ಡಿಗೆ ಹೋದೆ. ಕಂಡ ಕೂಡಲೇ, ತಮ್ಮ ಮನೆಯಲ್ಲಿ ತಮಗೇ ನಗು ಅಂದವಳಿಗೆ ಅಜ್ಜ ಚೆನ್ನಾಗಿ ಉಗಿದರು, ಒಂದೊಂದು ಪದವೂ ಸ್ಪಷ್ಟ. ಬೈಸಿಕೊಂಡು ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

೩. ಹಿತ್ತಲ ಬಾಗಿಲು

ನ್ಯಾಮತಿ ಕಡೆಯ ಹಳ್ಳಿ. ಟೀ ಕುಡಿಯುತ್ತಿದ್ದ ಮಗನ ಕೈಯಿಂದ ಲೋಟ ಬಿದ್ದಿತ್ತು, ಮಾತು ನಿಂತಿತ್ತು. ತಾಯಿ ಹೊಸ್ತಿಲಿಗೆ ಅಡ್ಡ ಕೂತಿದ್ದರು. "ರಾಹುಕಾಲ ಐತೆ. ಮುಗೀಲಿ, ಆಮೇಲೆ ಕರ್ಕೊಂಡು ಹೋಗ್ರಿ."

ಹೇಳಿದೆ, ಬೇಡಿದೆ, ಗದರಿದೆ. ಕದಲಲಿಲ್ಲ. ಕೊನೆಗೆ ಕೇಳಿದೆ:

"ಅವ್ವಾ, ರಾಹುಕಾಲದಾಗೆ ಹಿತ್ತಲಿಗಾದ್ರೂ ಹೋಗಬಹುದಾ?"

"ಅದ್ಯಾಕೆ ಹೋಗಬಾರ್ದು? ಅವಸರಕ್ಕೆ ಹೋಗ್ಲೇಬೇಕಲ್ಲ."

"ಹಂಗಾದ್ರೆ ಹಿತ್ತಲಿಗೇ ಕರ್ಕೊಂಡು ಹೋಗ್ತೀನಿ!"

ಡ್ರೈವರ್ ತಿಪ್ಪೆ ಬಳಸಿ ಗಾಡಿಯನ್ನು ಹಿತ್ತಲಿಗೆ ತಂದ. ತಾಯಿ ಎದ್ದು ಬರುವಷ್ಟರಲ್ಲಿ ಮಗನನ್ನು ಹಿತ್ತಲ ಬಾಗಿಲಿಂದ ಗಾಡಿಗೇರಿಸಿ ನಾವು ರಸ್ತೆಯಲ್ಲಿದ್ದೆವು. ಇಂಜೆಕ್ಷನ್ ಟೈಮಿಗೆ ಸರಿಯಾಗಿ ಬಿತ್ತು.

ಅವನು ಮನೆಗೆ ಮರಳಿದ ದಿನ ನೋಡಲೇಬೇಕು ಅಂತ ನಾನೂ ಹೋಗಿದ್ದೆ. ತನ್ನ ಕಾಲಲ್ಲೇ ನಡೆದು ಬಂದ. ತಾಯಿ ಅತ್ತರು. ಹೊಸ್ತಿಲ ಹತ್ತಿರ ಬಂದಾಗ ಮಾತ್ರ ತಡೆದರು. "ಹಿತ್ತಲಿಗೆ ಹೋದೋನು ಹಿತ್ತಲಿಂದಾನೇ ಒಳಗೆ ಬಾ."

ಅವನು ಮನೆ ಸುತ್ತಿ ಹಿಂದಿನಿಂದ ಬಂದ. ತಾಯಿ ಕಣ್ಣೊರೆಸಿಕೊಂಡು ಗದರಿದರು: "ಇಷ್ಟು ದಿನ ಹಿತ್ತಲಾಗೆ ಏನ್ ಮಾಡ್ತಿದ್ಯೋ?"

"ಹೊಟ್ಟೆ ಕಟ್ಟಿತ್ತವ್ವಾ" ಎಂದ. ಒಂದಕ್ಷರವೂ ತೊದಲಲಿಲ್ಲ.