ಗೋಡೆ ಮೇಲಿನ ಮೀಸೆಮೀನು

"ಅಳಿಸು ಅಂದ್ರೆ ಅಳಿಸಯ್ಯಾ! ಜಿಲ್ಲೆ ಲಾಂಛನಕ್ಕೆ ಮೀಸೆ ಬಿಟ್ಕೊಂಡಿರೋ ಕರಿ ಮೀನಾ? ನೋಡಿದೋರು ಉಗಿಯಲ್ವಾ?"

"ಉಗೀಲಿ! ವಾರವೆಲ್ಲ ಏಣಿ ಮೇಲೆ ಕತ್ತು ಉಳುಕಿಸ್ಕೊಂಡೋನು ನಾನು. ಪ್ರಾಣ ಹೋದ್ರೂ ಅಳಿಸಲ್ಲ!"

ಲಾಂಛನ ಸಮಿತಿಯ ಅಧ್ಯಕ್ಷರು ಕೆಳಗೆ, ಬೋರ್ಡು ಬರೆಯುವ ಬಣ್ಣದಣ್ಣ ಏಣಿಯ ಮೇಲೆ. ಇಲ್ಲಿನದೇ ಆದ, ಯಾರೂ ಸಾಕದ ಮೀನೊಂದನ್ನು ಜಿಲ್ಲೆಯ ಲಾಂಛನ ಮಾಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. "ಕಚೇರಿ ಗೋಡೆಗೊಂದು ಮೀನು ಬರಿ" ಎಂದು ಫೋನಿನಲ್ಲಿ ಹೇಳಿದವರು ಅಧ್ಯಕ್ಷರೇ. ಯಾವ ಮೀನೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಈಗ ಅವರಿಗೆ ತಮ್ಮ ಕೋಣೆಯ ಗಾಜಿನ ತೊಟ್ಟಿಯ ಕಿತ್ತಳೆ ಮೀನೇ ಬೇಕು.

"ಅದು ಅಂಗಡೀದು ಸ್ವಾಮಿ! ಕೆರೆ ಕೊಳೆತಾಗ ಮಿಕ್ಕ ಮೀನೆಲ್ಲ ಸತ್ತುಹೋದ್ವು. ಈ ಮೀಸೆಮೀನೊಂದೇ ಊರು ಬಿಡಲಿಲ್ಲ."

"ಕಂಡೋರು ಯಾರಪ್ಪ?" ಎಂದರು ಸಮಿತಿಯ ಮೇಷ್ಟ್ರು. "ಸಂಜೆ ಸಭೆಗೆ ಜೀವಂತ ತಂದು ತೋರಿಸು. ಇಲ್ದಿದ್ರೆ ಅಳಿಸು."

ಬಣ್ಣದಣ್ಣ ಕೆರೆಯ ಕೆಸರಿಗೆ ಸೊಂಟದವರೆಗೆ ಇಳಿದ. ಮೊದಲು ಸಿಕ್ಕಿದ್ದು ಒಂಟಿ ಚಪ್ಪಲಿ, ಆಮೇಲೆ ಕುಕ್ಕರಿನ ಮುಚ್ಚಳ. ಮಧ್ಯಾಹ್ನದ ಹೊತ್ತಿಗೆ ಮೀನು ಸಿಕ್ಕಿತು. ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಬಕೆಟ್ಟಿನಲ್ಲಿ ಮೀಸೆ ಅಲ್ಲಾಡಿಸುತ್ತ ಕೂತಿತು.

ಮನೆಯಲ್ಲಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅತ್ತಿಗೆ ಚಾಕು ಹಿಡಿದು ನಿಂತಿದ್ದಳು.

"ಅಯ್ಯೋ, ಬಿಡಿ ಅತ್ತಿಗೆ! ಅದು ಲಾಂಛನ!"

"ಏನೋ ಒಂದು. ಹುರೀಲೋ, ಸಾರು ಮಾಡ್ಲೋ?"

ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿದು ಓಡಿದ. ಕಚೇರಿ ಬಾಗಿಲಲ್ಲಿ ಎದುರುಮನೆ ದರ್ಜಿ ನಿಂತಿದ್ದ.

"ಪಾಪ, ಉಸಿರು ಕಟ್ಟುತ್ತೆ ಕಣೋ ಅದಕ್ಕೆ."

"ನಿನ್ನ ಕೆಲಸ ನೋಡ್ಕೋ ಹೋಗು!"

ಬಣ್ಣದಣ್ಣ ಬಕೆಟ್ಟನ್ನು ಬಾಗಿಲ ಪಕ್ಕದಲ್ಲಿಟ್ಟು, ಸಮಿತಿಯ ಮುಂದೆ ನಿಂತು ಮಾತು ಶುರುಮಾಡಿದ. ದರ್ಜಿ ಮೆಲ್ಲಗೆ ಗಂಟು ಬಿಚ್ಚಿ, ಪುಣ್ಯ ಕಟ್ಟಿಕೊಂಡವನಂತೆ ಹೊರಟುಹೋದ.

"...ಊರನ್ನೇ ನಂಬಿದ ಮೀನು ಸ್ವಾಮಿ ಇದು. ನೋಡಿ!"

ಬಕೆಟ್ಟು ಖಾಲಿ. ಹೊಸ್ತಿಲಿನಾಚೆ ಒದ್ದೆ ಗೆರೆ.

ಎಲ್ಲರೂ ಹೊರಗೆ ಓಡಿದರು. ಮೀನು ಎರಡೂ ಈಜುರೆಕ್ಕೆಗಳನ್ನು ಮೊಣಕೈಯಂತೆ ಊರಿಕೊಂಡು, ಕೆಲಸ ಮುಗಿಸಿದ ಗುಮಾಸ್ತನಂತೆ ಹಿಂದೆ ತಿರುಗಿ ನೋಡದೆ ರಸ್ತೆ ದಾಟಿ, ಮೋರಿಗೆ ಬಿದ್ದು ಮಾಯವಾಯಿತು.

"ಊರು ಬಿಡಲ್ಲ ಅಂದ್ಯಲ್ಲಪ್ಪ?" ಎಂದರು ಮೇಷ್ಟ್ರು.

ಬಣ್ಣದಣ್ಣನ ಮುಖ ಇಳಿಯಿತು. ಆದರೆ ಅಧ್ಯಕ್ಷರ ಕಣ್ಣು ಅರಳಿತ್ತು.

"ರೀ ಮೇಷ್ಟ್ರೇ, ನಡೀತು ಕಣ್ರೀ! ನಡೆಯೋ ಮೀನು ಬೇರೆ ಯಾವ ಜಿಲ್ಲೇಲಿದೆ? ಇದೇ ನಮ್ಮ ಲಾಂಛನ!"

ಚಪ್ಪಾಳೆಯೋ ಚಪ್ಪಾಳೆ. ಬಣ್ಣದಣ್ಣ ಕಣ್ಣೊರೆಸಿಕೊಂಡ. "ಅಂದ್ರೆ ಇನ್ನು ಅಳಿಸೋ ಹಾಗಿಲ್ಲ!"

"ಅಳಿಸದೆ ಏನಯ್ಯಾ? ನೀನು ಬರೆದಿರೋದು ಈಜ್ತಾ ಇದೆ. ನಮ್ಮ ಮೀನು ನಡೆಯುತ್ತೆ! ಇವತ್ತೇ ಅಳಿಸು."

ಬಣ್ಣದಣ್ಣ ಏಣಿಯ ಮೇಲಿದ್ದ ಕುಂಚವನ್ನು ಖಾಲಿ ಬಕೆಟ್ಟಿಗೆಸೆದು, ಆ ಒದ್ದೆ ಗೆರೆಯ ಮೇಲೇ ಹೆಜ್ಜೆ ಹಾಕಿದ. ರಸ್ತೆ ದಾಟಿದ. ಅಧ್ಯಕ್ಷರು ಕೂಗಿದರು, ಮೇಷ್ಟ್ರು ಕೂಗಿದರು.

ಏಣಿ ಒಯ್ಯಲು ಕೂಡ ಅವನು ತಿರುಗಿ ಬರಲಿಲ್ಲ.