ಅರ್ಧ ತಾಸು ಮಾಲಕನಾದದ್ದು

ಬಾಡಿಗೆ ಮನೆಗಳಲ್ಲೇ ತಲೆ ಬೆಳ್ಳಗಾದವನಿಗೆ ಒಂದು ಬಗೆಯ ನಯ ತಾನಾಗಿಯೇ ಬಂದುಬಿಡುತ್ತದೆ. ತಾನು ಮಲಗುವ ಕೋಣೆಯ ಬಾಗಿಲನ್ನೂ ಅವನು ಪರರ ಮನೆಯ ಬಾಗಿಲೆಂಬಂತೆ ಮೆಲ್ಲಗೆ ಹಾಕುತ್ತಾನೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲಕರಿಗೆ ಫೋನು ಮಾಡಿ, ಅವರ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿ, ಮೊಳೆಯ ವಿಷಯ ಎತ್ತಲು ಧೈರ್ಯ ಸಾಲದೆ ಫೋನು ಇಡುತ್ತಾನೆ. ನಾನೂ ಆ ಪೈಕಿಯೇ. ನಮ್ಮ ಮನೆಯ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದೆ. ಗಾಳಿ ಬಂದಾಗಲೆಲ್ಲ ಅದು ತನಗೆ ಬೇಕಾದ ತಿಂಗಳನ್ನು ತೋರಿಸುತ್ತಿತ್ತು. ಒಮ್ಮೆ ಅದನ್ನೇ ನಂಬಿ ರಜೆಯ ದಿನ ಯಲಬುರ್ಗಾದ ಬಸ್ಸು ಹತ್ತಿ, ಬೀಗ ಹಾಕಿದ ನನ್ನ ಆಫೀಸಿನ ಮುಂದೆ ಕಾವಲುಗಾರನಂತೆ ನಿಂತು ವಾಪಸು ಬಂದದ್ದೂ ಉಂಟು. ಇಂಥ ಮನುಷ್ಯನನ್ನು ಯಾರಾದರೂ ಮನೆಯ ಮಾಲಕ ಎಂದು ತಿಳಿದುಬಿಟ್ಟರೆ ಅವನ ತಲೆ ನೆಟ್ಟಗಿರುವುದು ಕಷ್ಟ.

ಮನೆಯಾದರೂ ಅಂತಿಂಥದ್ದಲ್ಲ. ಕೊಪ್ಪಳದಲ್ಲಿ ನಗರಸಭೆಯ ಪಾರ್ಕಿನ ಎದುರಿಗೆ, ನಿಜಾಮರ ಕಾಲದ ಕಲ್ಲಿನ ಕಟ್ಟಡದ ಇಡೀ ಮಹಡಿ. ಕೆಳಗೆ ಬೀಗ ಜಡಿದ ಗೋದಾಮು. ಮೇಲೆ ನಾನು, ನನ್ನ ಹೆಂಡತಿ ಗಿರಿಜಾ, ಆಳೆತ್ತರದ ಕಿಟಕಿಗಳು, ಬೇಸಿಗೆಯಲ್ಲೂ ಅಂಗಾಲಿಗೆ ತಂಪೆನಿಸುವ ಶಹಾಬಾದಿ ಕಲ್ಲಿನ ನೆಲ, ಮತ್ತು ಪಾರ್ಕಿನ ಕಡೆಗೆ ಚಾಚಿಕೊಂಡ ಕಬ್ಬಿಣದ ಕಟಕಟೆಯ ಗ್ಯಾಲರಿ. ಸಂಜೆ ಬಸ್ಸಿನ ಧೂಳು ತೊಳೆದುಕೊಂಡು ಚಹಾದ ಕಪ್ಪು ಹಿಡಿದು ಅಲ್ಲಿ ಕುಳಿತರೆ ಸಕ್ಕರೆ ಕಾಯಿಲೆಯವರೆಲ್ಲ ಕೆಳಗೆ ಸುತ್ತು ಹಾಕುವುದು ಕಾಣುತ್ತಿತ್ತು. ನಗೆಕೂಟದವರು ನಕ್ಕು ಮುಗಿಸಿ ಜಗಳಕ್ಕೆ ಕೂರುವುದು ಕಾಣುತ್ತಿತ್ತು. ಮಂತ್ರಿಗಳು ಬಂದಾಗ ಮಾತ್ರ ಚಿಮ್ಮುವ ಕಾರಂಜಿ ಉಳಿದ ದಿನ ಸುಮ್ಮನೆ ನಿಂತಿರುತ್ತಿತ್ತು. ಗಿರಿಜಾ ಮೇಲಿನಿಂದಲೇ ಇಡೀ ಪಾರ್ಕಿನ ಕಾರಭಾರ ನೋಡಿಕೊಳ್ಳುತ್ತಿದ್ದಳು. "ಯಾಕ್ರೀ ಶಂಕ್ರವ್ವಾರ, ಇವತ್ತ ಒಂದ ಸುತ್ತಿಗೇ ಕುಂತ್ರಲ್ಲ?" ಎಂದು ಇವಳು ಕೂಗಿದರೆ, ಪಾಪ, ಆ ಹೆಂಗಸು ಎದ್ದು ಮತ್ತೊಂದು ಸುತ್ತು ಹೋಗಿ ಬರುತ್ತಿದ್ದರು. ಆ ಗ್ಯಾಲರಿ ಇಲ್ಲದ ಬದುಕನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ.

ಮಹಡಿ ಗಂಗಾವತಿಯ ಅಕ್ಕಿ ವ್ಯಾಪಾರಿ ಬಸವರಾಜಪ್ಪನವರದು. ಮನೆತನ ಪಾಲಾದಾಗ ಕೆಳಗಿನ ಗೋದಾಮು ಅಣ್ಣನಿಗೂ ಮೇಲಿನ ಮಹಡಿ ಇವರಿಗೂ ಬಂದಿತ್ತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಗಂಗಾವತಿಯ ಒಂದೇ ಓಣಿಯಲ್ಲಿದ್ದೂ, ಎದುರಾದರೆ ಒಬ್ಬರು ಮೊಬೈಲು ನೋಡುತ್ತಾರೆ, ಇನ್ನೊಬ್ಬರು ಆಕಾಶ ನೋಡುತ್ತಾರೆ. ಈ ವರ್ಷ ಬಸವರಾಜಪ್ಪನವರು ಮಹಡಿಯನ್ನು ಮಾರುವುದೆಂದು ನಿರ್ಧರಿಸಿದರು. ಅವರ ದಲಾಲಿ ಯಾವುದೋ ಪರದೇಶದ ಜಾಹೀರಾತು ನೋಡಿಕೊಂಡು ವಾಟ್ಸಾಪಿಗೆ ಹಾಕಿದ: "ಯುದ್ಧಪೂರ್ವ ಕಾಲದ ಐಷಾರಾಮಿ ನಿವಾಸ. ಇಡೀ ಮಹಡಿ ನಿಮ್ಮದೇ. ಉದ್ಯಾನವನದ ಭವ್ಯ ನೋಟ." ಯಾವ ಯುದ್ಧ ಎಂಬುದರ ಮೇಲೆ ಪಾರ್ಕಿನಲ್ಲಿ ಸಾಕಷ್ಟು ಚರ್ಚೆಯಾಯಿತು. ಜರ್ಮನಿಯದು ಎಂದರು ಒಬ್ಬರು. ಇಲ್ಲ, ರಜಾಕಾರರ ಗದ್ದಲ ಎಂದರು ಇನ್ನೊಬ್ಬರು. "ಈ ಮನ್ಯಾಗ ಯುದ್ಧ ನಾವು ಬಂದಮ್ಯಾಲ ಸುರು ಆಗೈತಿ ತೊಗೋರಿ" ಎಂದು ಗಿರಿಜಾ ಚರ್ಚೆ ಮುಗಿಸಿದಳು. ನಾನೂ ನಕ್ಕೆ. ಆದರೆ ರಾತ್ರಿ ಗಿರಿಜಾ ಮಲಗಿದ ಮೇಲೆ ಆ ಜಾಹೀರಾತನ್ನು ಮತ್ತೆ ಮತ್ತೆ ತೆರೆದು ಓದುತ್ತಿದ್ದೆ. ಐಷಾರಾಮದಲ್ಲಿದ್ದೇನೆಂದು ನನಗೆ ತಿಳಿದದ್ದೇ ಅದು ಕೈತಪ್ಪುವ ಹೊತ್ತಿಗೆ.

ಒಂದು ಭಾನುವಾರ ನೆಂಟರ ಮದುವೆ ಮುಗಿಸಿ ಆಗಷ್ಟೇ ಬಂದಿದ್ದೆ. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಮದುವೆಯಲ್ಲಿ ಹೊದಿಸಿದ ಶಾಲು. ಹಣೆಗೆ ಗಂಧವೂ ಇತ್ತು. ಗ್ಯಾಲರಿಯಲ್ಲಿ ನಿಂತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ದಲಾಲಿ ಕಳಿಸಿದ ಗಿರಾಕಿ, ಕುಷ್ಟಗಿಯ ದಾಳಿಂಬೆ ವ್ಯಾಪಾರಿ ಖಾದರಸಾಬರು. ವಯಸ್ಸಾದ, ಮೆತ್ತನೆಯ ಮನುಷ್ಯ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎರಡೂ ಕೈ ಹಿಡಿದುಕೊಂಡರು.

"ಬಸವರಾಜಪ್ಪನವ್ರ ಅಣ್ಣಾರಲ್ಲೇನ್ರಿ? ಮಾರಿ ನೋಡಿದ ಕೂಡ್ಲೇ ಗುರ್ತ ಹಿಡದ್ನಿ. ದೊಡ್ಡ ಮನಿತನದ ಕಳೆ ಎಲ್ಲಿ ಹೊಕ್ಕೈತ್ರಿ!"

ಅಲ್ಲ ಎನ್ನಲು ಬಾಯಿ ತೆರೆದೆ, ಖಂಡಿತ ತೆರೆದೆ. ಅಷ್ಟರಲ್ಲಿ ಅವರು ದಾಳಿಂಬೆಯ ಚೀಲವನ್ನು ನನ್ನ ಕೈಗಿಟ್ಟರು. ದೊಡ್ಡ ಮನೆತನದ ಕಳೆ ನನ್ನ ಮುಖದಲ್ಲಿದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನನ್ನ ತಾಯಿಯೇ ಹೇಳಿರಲಿಲ್ಲ. ನಾನು ಸುಳ್ಳು ಹೇಳಲಿಲ್ಲ, ಬರೀ ನಕ್ಕೆ. ಅದೊಂದೇ ನನ್ನ ತಪ್ಪು ಎಂದು ಎಷ್ಟೋ ದಿನ ವಾದಿಸಿದ್ದೇನೆ.

ನಕ್ಕ ಮೇಲೆ ಮಾಲಕತ್ವ ಮೈಮೇಲೆ ಬಂದಿತು. ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಗೋಡೆಗೆ ಗುದ್ದಿ "ಕಲ್ರಿ ಇದು, ಕಲ್ಲು" ಎಂದೆ. ಬಾಗಿಲುಗಳನ್ನು ಧಡಾರೆಂದು ಹಾಕಿ ತೆಗೆದು ತೋರಿಸಿದೆ. ಅಷ್ಟು ವರ್ಷದಲ್ಲಿ ಆ ಬಾಗಿಲುಗಳು ಅಂಥ ಸದ್ದು ಮಾಡಬಲ್ಲವೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಿರಿಜಾ ಚಹಾ ತಂದಳು.

"ಈಕಿ ಬಾಡಿಗಿದಾರನ ಮನಿಯಾಕಿ ಏನ್ರಿ? ಯವ್ವಾ ತಂಗಿ, ನಿಮ್ಮ ಯಜಮಾನ್ರು ಎಲ್ಲಿ ಹೋಗ್ಯಾರ?" ಎಂದು ಖಾದರಸಾಬರು ಕೇಳಿದರು.

ಗಿರಿಜಾ ನನ್ನ ಶಾಲು ನೋಡಿದಳು, ಬೆನ್ನ ಹಿಂದಿನ ಕೈ ನೋಡಿದಳು. "ಏನೋ ಗೊತ್ತಿಲ್ರಿ. ಈಗ ಇಲ್ಲೇ ಇದ್ರು" ಎಂದು ಹೇಳಿ ಒಳಗೆ ಹೋದಳು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಖಾದರಸಾಬರು ದನಿ ತಗ್ಗಿಸಿ, "ಬಾಡಿಗಿದಾರ ಮನಷ್ಯಾ ಹ್ಯಾಂಗದಾನ್ರಿ?" ಎಂದು ಕೇಳಿದರು. ನಾನು ಯೋಚಿಸಿದೆ. ಬಾಡಿಗೆದಾರನನ್ನು ಹೊಗಳುವ ಮಾಲಕ ಕೊಪ್ಪಳದಲ್ಲಂತೂ ಇಲ್ಲ, ರಾಯಚೂರಿನಲ್ಲಿ ಹುಡುಕಿದರೂ ಸಿಕ್ಕಲಾರ. ಹೊಗಳಿದರೆ ನನ್ನ ಬಣ್ಣ ಬಯಲಾಗುತ್ತದೆ. ಹಾಗಾಗಿ ನಿಟ್ಟುಸಿರು ಬಿಟ್ಟು, "ಏನ್ ಹೇಳೂದ್ರಿ" ಎಂದೆ. ಖರೇ ಮಾಲಕನಂತೆಯೇ ಬಂತು. ಆಮೇಲೆ ತಡೆಯಲಾಗಲಿಲ್ಲ. ನನ್ನ ಜನ್ಮದಲ್ಲಿ ಮಾಲಕರಿಂದ ಕೇಳಿಸಿಕೊಂಡ ದೂರುಗಳೆಲ್ಲ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತವು. ನೀರು ಸುರೀತಾನ್ರಿ ಎಂದೆ. ಲೈಟು ಆರಿಸಂಗಿಲ್ಲ ಎಂದೆ. ನೋಡ್ರಿ, ಕ್ಯಾಲೆಂಡರ್ ಕಿಟಕಿಗೆ ಕಟ್ಟ್ಯಾನ, ಎಂಥಾ ಸೋಂಬೇರಿ ಇರಬೇಕು ಎಂದೆ. "ಆಕಿ ಛಲೋ ಅದಾಳ್ರಿ. ಅವನ ಸರಿ ಇಲ್ಲ" ಎಂದು ಮುಗಿಸಿದಾಗ ನನಗೆ ಆ ಬಾಡಿಗೆದಾರನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಖಾದರಸಾಬರು ತಲೆಯಾಡಿಸಿದರು. "ಛಲೋ ಆತ್ರಿ ಹೇಳಿದ್ದು. ನಾ ಏನ್ ದಿನಾ ಇರಾಂವಲ್ಲ. ವಾರಕ್ಕೊಮ್ಮೆ ಬಂದಾಗ ಮುಂಜಾನಿ ನಮಾಜ್ ಮುಗಿಸಿ ಈ ಪಾರ್ಕನ್ಯಾಗ ಅಡ್ಡಾಡಬೇಕಂತ ಆಸೆ. ಮೂಲ್ಯಾಗಿಂದೊಂದು ಖೋಲಿ ನನಗ ಸಾಕು, ಉಳಿದದ್ದ್ರಾಗ ಅವ್ರ ಇರ್ಲಿ, ಮನ್ಯಾಗ ದೀಪ ಹಚ್ಚಾಕ ಮಂದಿ ಬೇಕಲ್ಲ ಅಂತ ಮಾಡಿದ್ನಿ. ನೀವು ಹಿರೇರು ಹಿಂಗ ಅಂದಮ್ಯಾಲ ಮುಗೀತು. ಖಾಲಿ ಮಾಡಸ್ತೀನಿ."

ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಅವರನ್ನು ಮೆಟ್ಟಿಲವರೆಗೆ ಕಳಿಸಿ ಬಂದೆ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಗಿರಿಜಾ ಹೊರಗೆ ಬಂದು ಗೋಡೆಗೊರಗಿ ನಿಂತಳು. "ಬಂದ್ರೇನ್ರಿ ನಮ್ಮ ಯಜಮಾನ್ರು?" ಎಂದಳು. ಆಮೇಲೆ ನನ್ನ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡಳು. "ಹೆಂಡ್ತಿ ಮುಂದ ತನ್ನನ್ನ ತಾನ ಬೈಕೊಂಡು ಮನಿ ಕಳಕೊಂಡ ಗಂಡಸನ್ನ ಎಲ್ಲೂ ಕಂಡಿಲ್ಲ. ಬಸವರಾಜಪ್ಪನವ್ರಿಗೆ ಫೋನ್ ಹಚ್ರಿ. ಇದ್ದದ್ದು ಇದ್ದಾಂಗ ಹೇಳ್ರಿ."

ಮರುದಿನ ಫೋನು ಹಚ್ಚಿದೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಬಸವರಾಜಪ್ಪನವರು ನನಗೆ ಮಾತಾಡಲು ಬಿಟ್ಟರೆ ತಾನೆ! "ಸರ, ನಿಮಗ ಖಾಲಿ ಮಾಡ್ರಿ ಅನ್ನಾಕ ನಾಚಿಕಿ ಬರ್ತೈತಿ, ಖರೆ. ಆದ್ರ ಒಂದ ಸುದ್ದಿ ಕೇಳ್ರಿಲ್ಲೆ. ಖಾದರಸಾಬ್ರು ಹೇಳಿದ್ರು, ನಮ್ಮಣ್ಣ ಬಂದಿದ್ನಂತ! ನನ್ನ ಪಾಲಿನ ಮನಿ, ತಾನ ನಿಂತು ಗಿರಾಕಿಗೆ ತೋರಿಸ್ಯಾನಂತ! ನಾ ಅವನ್ನ ಏನೇನೋ ತಿಳಕೊಂಡಿದ್ನೆಲ್ರಿ..." ಆ ಕಡೆ ದೊಡ್ಡ ವ್ಯಾಪಾರಿ ಮೂಗು ಸೀಟಿಕೊಳ್ಳುವುದು ಕೇಳಿಸಿತು. ಅವರು ಬೆಳಿಗ್ಗೆಯೇ ಅಣ್ಣನ ಮನೆಗೆ ಹೋಗಿ ಕಾಲಿಗೆ ಬಿದ್ದು ಬಂದಿದ್ದರು. ಅಣ್ಣ ಏನೆಂದರು ಎಂದು ಕೇಳಿದೆ. "ಏನೂ ಅನ್ಲಿಲ್ರಿ. ಬರೇ ನಕ್ಕ. ಆಮ್ಯಾಲ ಒಳಗ ಕರಕೊಂಡು ಹೋಗಿ ಊಟಕ್ಕ ಕುಂದ್ರಿಸಿದ" ಎಂದರು.

ಆ ಊಟದ ತಾಟನ್ನು ಕಸಿಯುವ ಎದೆಗಾರಿಕೆ ನನಗಿರಲಿಲ್ಲ. "ಭಾಳ ಸಂತೋಷ್ರಿ" ಎಂದು ಫೋನು ಇಟ್ಟೆ. ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ, ಗ್ಯಾಲರಿಗೆ ಹೋಗಿ ಕೆಳಗೆ ನೋಡುತ್ತ ನಿಂತಳು. ಶಂಕ್ರವ್ವನವರು ಬೆಂಚಿನ ಮೇಲೆ ಕುಳಿತೇ ಇದ್ದರೂ ಅವಳು ಕೂಗಲಿಲ್ಲ. ಆಗ ನನಗೆ ನಿಜವಾಗಿಯೂ ಅಳು ಬಂತು.

ಬಸ್ ಡಿಪೋದ ಹಿಂದೆ ಒಂದು ಮನೆ ಸಿಕ್ಕಿತು. ಅದರ ಕಿಟಕಿ ತೆರೆದರೆ ಪಕ್ಕದವರ ಗೋಡೆ ಕಾಣುತ್ತದೆ. ನೋಟಕ್ಕೆ ಏನೂ ಅಡ್ಡಿಯಿಲ್ಲ, ಗೋಡೆ ಪೂರ್ತಿ ಕಾಣುತ್ತದೆ. ಸಾಮಾನು ಸಾಗಿಸುವ ದಿನ ಗಿರಿಜಾ ಕೆಳಗೆ ಗಾಡಿಯ ಹತ್ತಿರ ನಿಂತು ಭಾಂಡೆ ಜೋಡಿಸುತ್ತಿದ್ದಳು. ನಾನು ಮೇಲೆ ಗಾದಿ ಸುತ್ತಿ ಹಗ್ಗ ಬಿಗಿಯುತ್ತಿದ್ದೆ. ಆಗ ಖಾದರಸಾಬರು ಬಂದರು. ನನ್ನನ್ನು ಕಂಡವರೇ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಣ್ಣಾರ! ಇಷ್ಟು ದೊಡ್ಡ ಮನಷ್ಯಾರು, ನೀವ ನಿಂತು ಖಾಲಿ ಮಾಡಸಾಕತ್ತೀರಿ! ಈ ಉಪಕಾರ ನಾ ಮರಿಯಂಗಿಲ್ರಿ." ಕಟಕಟೆಯಿಂದ ಬಾಗಿ ಗಿರಿಜಾಳನ್ನು ನೋಡಿ ಲೊಚಗುಟ್ಟಿದರು. "ಆ ತಂಗಿ ಒಬ್ಬಾಕಿನ ದುಡೀತಾಳ ನೋಡ್ರಿ, ಪಾಪ. ಆಕಿ ಗಂಡ ಇವತ್ತರ ಬಂದಾನೇನ್ರಿ?"

"ಬಂದಾನ್ರಿ" ಎಂದೆ. ಗಾದಿಯ ಸುರುಳಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಗೋಡೆಗೆ ತಾಗದಂತೆ ಹುಷಾರಾಗಿ ಮೆಟ್ಟಿಲಿಳಿದೆ.